ಗ್ರ್ಯಾಂಡ್‌ಮಾಸ್ಟರನ ಅಕ್ಕ

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮೊಯ್ದೀನ್‌ನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಒಂದು ವಿಲ್ಲಾವನ್ನು ಐದು ಹೋಳು ಮಾಡಿ ಐದು ಸಂಸಾರಗಳಿಗೆ ಕೊಟ್ಟಿದ್ದಾರಲ್ಲ, ಅದರ ಹಿಂಬದಿಯ ಹೋಳು. ಅವನ ಹೆಂಡತಿ ಸಕೀನ ಬಂಗುಡೆ ಹುರಿಯಲು ಶುರು ಮಾಡಿದರೆ ಆ ಪರಿಮಳ ಹಿಡಿದುಕೊಂಡು ದುಬೈಯಿಂದ ಕಣ್ಣು ಮುಚ್ಚಿ ಬರಬಹುದು. ಒಳಗೆ ಕಾಲಿಟ್ಟರೆ ತಟ್ಟೆಗಳಿಗಿಂತ ಟ್ರೋಫಿಗಳೇ ಹೆಚ್ಚು. ಫ್ರಿಜ್ಜಿನ ಮೇಲೆ ಹನ್ನೊಂದು, ಚಪ್ಪಲಿ ಇಡುವ ಕಪಾಟಿನಲ್ಲಿ ಇಪ್ಪತ್ತು, ವಾಷಿಂಗ್ ಮೆಷಿನ್ ಮೇಲೆ ಆರು. ಮೆಷಿನ್ ತಿರುಗಿದರೆ ಆ ಆರೂ ಸೇರಿ ದಫ್ ಬಾರಿಸುತ್ತವೆ; ಪಕ್ಕದ ಹೋಳಿನವರು ಮದುವೆ ಯಾರದ್ದೆಂದು ಕೇಳಿಕೊಂಡು ಬರುತ್ತಾರೆ.

ಅಷ್ಟನ್ನೂ ಗೆದ್ದು ತಂದವನು ಮಗ ಶಾನವಾಝ್. ಐದನೇ ವಯಸ್ಸಿಗೆ ಅಜ್ಜನನ್ನು ಸೋಲಿಸಿದ. ಏಳಕ್ಕೆ ಕರಾವಳಿಯವರ ಪಿಕ್‌ನಿಕ್ಕಿನಲ್ಲಿ ನಲವತ್ತು ಜನ ಮೀಸೆ ಹೊತ್ತ ಗಂಡಸರನ್ನು ಸಾಲಾಗಿ ಕೂರಿಸಿ, ಬಿರಿಯಾನಿಯ ಮುಚ್ಚಳ ತೆಗೆಯುವುದರೊಳಗೆ ಮುಗಿಸಿದ. ಅವರಲ್ಲಿ ಮೂವರು ಚೆಸ್ ಬಿಟ್ಟು ಕೇರಂ ಹಿಡಿದರು, ಒಬ್ಬರು ವೀಸಾ ರದ್ದು ಮಾಡಿಸಿ ಊರಿಗೇ ಹೋದರು. ಹದಿನೆಂಟಕ್ಕೆ, ಹೋದ ಎಪ್ರಿಲ್‌ನಲ್ಲಿ, ಶಾನು ಗ್ರ್ಯಾಂಡ್‌ಮಾಸ್ಟರ್ ಆದ. ಆವತ್ತು ಮೊಯ್ದೀನ್ ಹಂಚಿದ ಲಾಡಿನಿಂದ ಎಮಿರೇಟಿನ ಅರ್ಧ ಜನರಿಗೆ ಸಕ್ಕರೆ ಕಾಯಿಲೆ ಬಂದಿರಬೇಕು.

ಆದರೆ ಈ ಕಥೆ ಅವನ ಅಕ್ಕ ಸಬೀನಳದ್ದು.

ಸಬೀನಳಿಗೆ ಇಪ್ಪತ್ತಮೂರು. ಬೆಳಿಗ್ಗೆ ಒಂದು ಇಂಡಿಯನ್ ಶಾಲೆಯ ಲೈಬ್ರರಿಯಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ತಮ್ಮನ ಫೈಲ್ ಕಟ್ಟುವ ಕೆಲಸ. ಫೈಲ್ ಅಂದರೆ ಲ್ಯಾಪ್‌ಟಾಪಿನೊಳಗಿನ ಗುಟ್ಟಿನ ಕಣಜ. ಎದುರಾಳಿ ಹೀಗೆ ಆಡಿದರೆ ನಾವು ಹಾಗೆ, ಅವನು ಹಾಗೆ ಬಂದರೆ ಈವರೆಗೆ ಭೂಮಿಯ ಮೇಲೆ ಯಾರೂ ಆಡದ ಈ ನಡೆ. ದೊಡ್ಡ ಆಟಗಾರರು ಹೆಂಡತಿಯ ಚಿನ್ನವನ್ನು ಮೇಜಿನ ಮೇಲೆ ಮರೆತು ಹೋಗಬಹುದು, ಫೈಲನ್ನು ಮರೆಯುವುದಿಲ್ಲ. ಶಾನುವಿನ ಫೈಲಿನಲ್ಲಿ ಲಿವಾ ಮರುಭೂಮಿಯ ಮರಳಿಗಿಂತ ಹೆಚ್ಚು ನಡೆಗಳಿದ್ದವು. ಹತ್ತರಲ್ಲಿ ಒಂಬತ್ತು ಸಬೀನ ಹುಡುಕಿದ್ದು.

ಅವಳೂ ಒಂದು ಕಾಲಕ್ಕೆ ಆಡುತ್ತಿದ್ದವಳೇ. ಹನ್ನೆರಡರೊಳಗಿನವರ ಚಾಂಪಿಯನ್. ತಮ್ಮನಿಗೆ ಕುದುರೆ ಹೇಗೆ ಹಾರುತ್ತದೆಂದು ತೋರಿಸಿದವಳು ಅವಳು. ಆಮೇಲೆ ಮನೆಯಲ್ಲಿ ಪ್ರಶ್ನೆ ಎದ್ದಿತು: ಇಬ್ಬರನ್ನೂ ಪಂದ್ಯಗಳಿಗೆ ಕರೆದುಕೊಂಡು ಹೋಗುವವರು ಯಾರು? ಮೊಯ್ದೀನ್‌ಗೆ ದುಬೈಯ ರಾಸ್ ಅಲ್ ಖೋರ್‌ನಲ್ಲಿ ಹಳೇ ಕಾರುಗಳ ಸ್ಪೇರ್‌ಪಾರ್ಟ್ಸ್ ಅಂಗಡಿ. ದಿನಾ ಹೋಗಿ ಬಂದ ದಾರಿ ಕೂಡಿಸಿದರೆ ಅವನು ಚಂದ್ರನನ್ನು ಮುಟ್ಟಿ ವಾಪಸ್ ಬಂದು ಎರಡನೇ ಸಲ ಹೊರಟಿರುತ್ತಾನೆ. ಸಕೀನಳಿಗೆ ಇರುವುದು ಎರಡೇ ಕೈ. ಆಗ ಮೊಯ್ದೀನ್ ತನ್ನ ತಂದೆ ಉಮ್ಮರಬ್ಬರನ್ನು ಸಾಕ್ಷಿಗೆ ಕೂರಿಸಿ, ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದ: "ಮೊದಲು ಶಾನು ಗ್ರ್ಯಾಂಡ್‌ಮಾಸ್ಟರ್ ಆಗಲಿ ಮೋಳೇ. ಮಾರನೇ ದಿನದಿಂದ ನಿನ್ನ ಸರದಿ. ಇದು ನನ್ನ ಮಾತು."

ಆ ಮಾರನೇ ದಿನ ಬರಲು ಹನ್ನೊಂದು ವರ್ಷ ಹಿಡಿಯಿತು.

ಜೂನ್‌ನಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಸಬೀನ ವಿಷಯ ತೆಗೆದಳು.

"ಬಾಪಾ, ಆಗಸ್ಟಿನ ಅಬುಧಾಬಿ ಟೂರ್ನಮೆಂಟಿಗೆ ನಾನೂ ಹೆಸರು ಕೊಡ್ತೇನೆ."

ಮೊಯ್ದೀನ್ ಮೀನಿನ ಮುಳ್ಳು ಹುಡುಕುತ್ತಿದ್ದ. "ಶಾನು ಆಡುವುದಕ್ಕಾ?"

"ಹೌದು. ನನ್ನ ಸರದಿ ಅಲ್ವಾ?"

"ಅಲ್ಲ, ಸರದಿ ಉಂಟು. ಆದರೆ ಶಾನುವಿಗೂ ಅದು ಗ್ರ್ಯಾಂಡ್‌ಮಾಸ್ಟರ್ ಆದ ಮೇಲೆ ಮೊದಲನೇ ದೊಡ್ಡ ಟೂರ್ನಮೆಂಟು. ಮುಂದಿನ ವರ್ಷ ಆದರೆ..."

ಉಮ್ಮರಬ್ಬರು ಗಂಜಿಯ ಬಟ್ಟಲಿನಿಂದ ತಲೆಯೆತ್ತಿದರು. "ಮೊಯ್ದೀನೇ, ಈಗ ನನಗೆ ಕಿವಿ ಕೇಳುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಒಳ್ಳೆ ಕೇಳುತ್ತಿತ್ತು."

ಸಕೀನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮೊಯ್ದೀನ್‌ಗೂ ನಗದೆ ನಿರ್ವಾಹವಿರಲಿಲ್ಲ. "ಆಯಿತು ಮಾರಾಯ್ತಿ, ಆಡು. ಲಿಯೊನೆಲ್‌ಗೆ ಇವತ್ತೇ ಬರೆ."

ಲಿಯೊನೆಲ್ ಎಂದರೆ ಆ ಟೂರ್ನಮೆಂಟಿನ ಮುಖ್ಯ ತೀರ್ಪುಗಾರ, ಮಂಗಳೂರಿನವನು, ಇಬ್ಬರನ್ನೂ ಚಿಕ್ಕಂದಿನಿಂದ ಕಂಡವನು. ಸಬೀನ ಬರೆದಳು, ಅವನು ಹೆಸರು ಸೇರಿಸಿದ. ಆವತ್ತು ಪಾತ್ರೆ ತೊಳೆಯುವಾಗ ಅವಳು ಹಾಡಿದ ಹಾಡಿಗೆ ನಲ್ಲಿಯ ನೀರು ಒಂದು ಗಳಿಗೆ ನಿಂತು ಕೇಳಿತಂತೆ. ಶಾನು ಮಾತ್ರ ತಟ್ಟೆ ತಂದಿಟ್ಟು, "ಬಟ್ ದೀದಿ, ಪ್ರಿಪರೇಶನ್?" ಎಂದ.

"ಮಾಡುವ ಮಾರಾಯ, ಹೇಗಾದರೂ ಮಾಡುವ" ಎಂದಳು ಸಬೀನ.

ಜುಲೈ ನಡುವಿನಲ್ಲಿ ದುಬೈಯಲ್ಲಿ ಒಂದು ಸಣ್ಣ ಪಂದ್ಯಾವಳಿ ಬಂತು. ಕೊನೆಯ ಸುತ್ತಿನಲ್ಲಿ ಶಾನುವಿಗೆ ಎದುರಾದವನು ರಿತೇಶ್, ದುಬೈಯ ಧರ್ಮಪಾಲರ ಮಗ. ಧರ್ಮಪಾಲರು ಉಡುಪಿ ಕಡೆಯವರು, ಮೊಯ್ದೀನ್‌ನ ಅಂಗಡಿಯ ಹಳೇ ಗಿರಾಕಿ. ಇಬ್ಬರೂ ಸೇರಿದರೆ ಮಕ್ಕಳನ್ನು ಹೊಗಳಿಕೊಳ್ಳುವುದರಲ್ಲೇ ಅಂಗಡಿಯ ನಾಲ್ಕು ಎಂಜಿನ್ ತುಕ್ಕು ಹಿಡಿಯುತ್ತಿದ್ದವು. ಆದರೂ ರಿತೇಶ್ ಶಾನುವಿಗೆ ಒಂದು ತುತ್ತು. ಈವರೆಗೆ ಎಂಟು ಸಲ ಆಡಿ ಎಂಟು ಸಲವೂ ಸೋತವನು.

ಸಬೀನ ಮನೆಯಲ್ಲಿ ಬಟ್ಟೆ ಮಡಚುತ್ತಾ ಮೊಬೈಲಿನಲ್ಲಿ ಆಟ ನೋಡುತ್ತಿದ್ದಳು. ಹದಿಮೂರು ನಡೆ ಸರಿಯಾಗಿಯೇ ಹೋಯಿತು. ಹದಿನಾಲ್ಕನೆಯದಕ್ಕೆ ರಿತೇಶ್ ತನ್ನ ಬಿಳಿ ಒಂಟೆಯನ್ನು ಎತ್ತಿ ಶಾನುವಿನ ರಾಜನ ಮುಂದಿನ ಕಾಲಾಳಿನ ಮೇಲೆ ಹೊಡೆದ, ಸುಮ್ಮನೆ ಬಲಿ ಕೊಟ್ಟ ಹಾಗೆ.

ಅವಳ ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು.

ಆ ನಡೆ ಅವಳದ್ದು. ರಮ್ಝಾನ್ ತಿಂಗಳಲ್ಲಿ ಸಂಜೆಯ ಅಸರ್ ನಮಾಝಿಗೂ ಇಫ್ತಾರಿಗೂ ನಡುವೆ ಖಾಲಿ ಹೊಟ್ಟೆಯಲ್ಲಿ ಹದಿನೇಳು ದಿನ ಕೂತು ಹುಡುಕಿದ್ದು. ನೋಡಲು ಹುಚ್ಚುತನ, ಆರು ನಡೆಯ ಮೇಲೆ ಗೊತ್ತಾಗುತ್ತದೆ ಅದು ಕುತ್ತಿಗೆಗೆ ಹಾಕಿದ ಹಗ್ಗ ಅಂತ. ಅಬುಧಾಬಿಯಲ್ಲಿ ದೊಡ್ಡವನೊಬ್ಬನ ಮೇಲೆ ಬಿಡಬೇಕೆಂದು ಅಕ್ಕ ತಮ್ಮ ಇಟ್ಟುಕೊಂಡಿದ್ದರು. ಅದೇ ನಡೆಗೆ ಈಗ ತಮ್ಮ ಸಿಕ್ಕಿಬಿದ್ದಿದ್ದ. ಇಪ್ಪತ್ತೇಳನೇ ನಡೆಗೆ ಆಟ ಮುಗಿಯಿತು.

ತಂದೆ ಮಗ ಮನೆಗೆ ಬಂದಾಗ ಸಕೀನ ಅಕ್ಕಿರೊಟ್ಟಿ, ಕೋಳಿ ಸಾರು ಬಡಿಸಿದಳು. ಮೊಯ್ದೀನ್ ರೊಟ್ಟಿ ಮುರಿಯಲಿಲ್ಲ.

"ಆ ನಡೆ ಈ ಮನೆಯಲ್ಲಿ ಯಾರಿಗೆಲ್ಲ ಗೊತ್ತಿತ್ತು?"

"ನನಗೆ, ಶಾನುವಿಗೆ."

"ಶಾನು ತಾನೇ ಹೋಗಿ ಹೇಳಿದನಾ ರಿತೇಶನಿಗೆ, ಬಾ ನನ್ನನ್ನು ಹೊಡಿ ಅಂತ?"

"ಬಾಪಾ, ನಾನು ಯಾರಿಗೂ..."

"ರಿತೇಶನ ಅಕ್ಕ ತೃಷಾ ನಿನ್ನ ಫ್ರೆಂಡ್ ಹೌದಾ ಅಲ್ವಾ? ದಿನಾ ಒಂದು ಗಂಟೆ ಫೋನು ಹೌದಾ ಅಲ್ವಾ?"

"ನಾವು ಮಾತಾಡುವುದು ಚೂಡಿದಾರದ ವಿಷಯ!"

"ಚೂಡಿದಾರದ ಎಡೆಯಲ್ಲಿ ಒಂಟೆಯೂ ಬಂದಿರಬಹುದು."

ಸಬೀನ ತಮ್ಮನ ಕಡೆ ತಿರುಗಿದಳು. "ಶಾನು, ನೀನಾದರೂ ಹೇಳು. ನಾನು ಹಾಗೆ ಮಾಡುವವಳಾ?"

ಶಾನು ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಅದ್ದಿ ಮುದ್ದೆ ಮಾಡಿದ್ದ. "ಐ ಆಮ್ ಟಯರ್ಡ್, ದೀದಿ" ಎಂದ.

ಸೋತ ದುಃಖ ಎಂದುಕೊಂಡಳು ಅವಳು. ಅವನ ತಟ್ಟೆಗೆ ಇನ್ನೊಂದು ತುಂಡು ಕೋಳಿ ಹಾಕಿದಳು.

ಅದೇ ಮೇಜಿನ ಮೇಲೆ ಮೊಯ್ದೀನ್ ಲಿಯೊನೆಲ್‌ಗೆ ವಾಯ್ಸ್ ಮೆಸೇಜ್ ಬಿಟ್ಟ: "ಲಿಯೊನೆಲ್, ನಮ್ಮ ಸಬೀನ ಆಡುವುದಿಲ್ಲ. ಅವಳೇ ಬೇಡ ಅಂತಾಳೆ. ಹೆಸರು ತೆಗೆದುಬಿಡು." ಲ್ಯಾಪ್‌ಟಾಪನ್ನು ತನ್ನ ಕೋಣೆಯ ಕಪಾಟಿಗೆ ಸೇರಿಸಿದ. "ಮೊದಲು ಈ ಮನೆಗೆ ನಂಬಿಕೆ ಬರಲಿ. ಆಮೇಲೆ ಆಟ."

ಮುಂದಿನ ದಿನಗಳಲ್ಲಿ ಸಬೀನ ತನ್ನನ್ನೇ ಪೊಲೀಸರು ವಿಚಾರಿಸುವ ಹಾಗೆ ವಿಚಾರಿಸಿಕೊಂಡಳು. ತೃಷಾ ಮನೆಗೆ ಬಂದಾಗ ಲ್ಯಾಪ್‌ಟಾಪ್ ತೆರೆದಿತ್ತೇ? ನಾನು ಚಾ ತರಲು ಒಳಗೆ ಹೋದಾಗ ಅವಳು ಒಬ್ಬಳೇ ಕೂತಿದ್ದಳೇ? ಹತ್ತು ವರ್ಷದ ಸ್ನೇಹವನ್ನು ಹಿಂದುಮುಂದಾಗಿ ಅಲುಗಾಡಿಸಿ, ಕೊನೆಗೆ ತೃಷಾಳ ನಂಬರನ್ನು ಬ್ಲಾಕ್ ಮಾಡಿದಳು.

ಐದನೇ ದಿನ ಶಾನು ಲ್ಯಾಪ್‌ಟಾಪ್ ತಂದು ಅವಳ ಮುಂದಿಟ್ಟ. "ಬಾಪಾ ಹೇಳಿದ್ರು, ಪ್ರಿಪರೇಶನ್ ಮುಂದುವರಿಸಬಹುದಂತೆ."

ಅಡುಗೆಮನೆಯಿಂದ ಸಕೀನ ತಲೆ ಹೊರಗೆ ಹಾಕಿದಳು. ಗಂಡ ಸೋಫಾದಲ್ಲಿ ಕೂತು ಉಗುರು ಕತ್ತರಿಸುತ್ತಿದ್ದ.

"ನೋಡಿ, ನನಗೊಂದು ಅರ್ಥವಾಗುವುದಿಲ್ಲ. ಕಳ್ಳಿ ಅಂತ ನೀವೇ ಹೇಳಿದಿರಿ. ಈಗ ತಿಜೋರಿಯ ಕೀಲಿಕೈ ಅವಳಿಗೇ ಕೊಡ್ತೀರಲ್ಲ?"

"ನಿನಗೆ ಚೆಸ್ ಗೊತ್ತಿಲ್ಲ, ಸುಮ್ಮನಿರು."

"ಚೆಸ್ ಗೊತ್ತಿಲ್ಲ. ನೀವು ಗೊತ್ತುಂಟು."

ಮೊಯ್ದೀನ್ ಉಗುರಿನ ಬದಲು ಚರ್ಮ ಕತ್ತರಿಸಿಕೊಂಡ.

ಸಬೀನ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಕ್ಷಮೆ, ಅದೂ ತಾನು ಮಾಡದ ತಪ್ಪಿಗೆ. ಅದಕ್ಕಾಗಿ ಮೊದಲಿಗಿಂತ ದುಪ್ಪಟ್ಟು ದುಡಿದಳು. ಆ ಎರಡು ವಾರದಲ್ಲಿ ಅವಳು ಕಟ್ಟಿದ ತಯಾರಿಯನ್ನು ಒಂದು ಆಡಿಗೆ ಕಲಿಸಿದ್ದರೂ ಅದು ಏಷ್ಯಾ ಚಾಂಪಿಯನ್ ಆಗುತ್ತಿತ್ತು. ಶಾನು ಮಧ್ಯಾಹ್ನವಿಡೀ ಪಕ್ಕದಲ್ಲಿ ಕೂತು, ಅವಳು ಸುಲಿದು ಕೊಟ್ಟ ಕಿತ್ತಳೆಯ ತೊಳೆ ಬಾಯಿಗೆ ಹಾಕಿಕೊಳ್ಳುತ್ತಾ ಎಲ್ಲವನ್ನೂ ಕಲಿತ. ಒಮ್ಮೆ ಮಾತ್ರ, "ದೀದಿ, ಸಿಟ್ಟಾ?" ಎಂದ.

"ನಿನ್ನ ಮೇಲೆ ಯಾಕೆ ಸಿಟ್ಟು? ಸೋತವನು ನೀನು" ಎಂದಳು.

ಆಗಸ್ಟಿನ ಮೊದಲ ಗುರುವಾರ ಗೇಟಿನ ಹೊರಗೆ ಒಂದು ಕಾರು ಬಂದು ಹಾರ್ನ್ ಹೊಡೆಯತೊಡಗಿತು. ಆ ದಿನದ ಬಿಸಿಲಿಗೆ ಸ್ಟೀರಿಂಗ್ ಮುಟ್ಟಿದರೆ ಹಸ್ತರೇಖೆ ಅಳಿಸಿ ಜಾತಕವೇ ಬದಲಾಗಬೇಕು, ಅಂಥದ್ದರಲ್ಲಿ ದುಬೈಯಿಂದ ಒಬ್ಬಳೇ ಬಂದಿದ್ದವಳು ತೃಷಾ. ಕಿಟಕಿ ಇಳಿಸಿ ಕೂಗಿದಳು: "ಬಾ ಒಳಗೆ! ಬರದಿದ್ದರೆ ಇಲ್ಲೇ ಮಗ್ರಿಬ್ ಬಾಂಗಿನ ತನಕ ಹಾರ್ನ್ ಹೊಡೀತೇನೆ."

ಸಬೀನ ಹೋಗಿ ಕೂತಳು. ಎಸಿ ಗಾಳಿ ಮುಖಕ್ಕೆ ಬಡಿಯಿತು.

"ಎಂತ ಮಾರಾಯ್ತಿ, ಬ್ಲಾಕ್ ಮಾಡಿದ್ದಾ? ನಾನು ಎಂತ ಮಾಡಿದ್ದೆ ನಿನಗೆ?"

"ನಮ್ಮ ಹದಿನಾಲ್ಕನೇ ನಡೆಯನ್ನು ನಿನ್ನ ತಮ್ಮನಿಗೆ ಕೊಟ್ಟದ್ದು ಯಾರು?"

ತೃಷಾ ಅವಳನ್ನೇ ನೋಡಿದಳು. ಜೋಕೋ ನಿಜವೋ ಎಂದು ಅಳೆಯುವ ಹಾಗೆ. ಆಮೇಲೆ ತನ್ನ ಮೊಬೈಲಿನಲ್ಲಿ ಏನೋ ಹುಡುಕಿ ಮುಂದೆ ಹಿಡಿದಳು.

"ಇದು ನಿನ್ನ ಬಾಪ ನನ್ನ ಪಪ್ಪನಿಗೆ ಕಳಿಸಿದ್ದು. ಪಪ್ಪ ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು, ರಿತೇಶನಿಗೆ ಬುದ್ಧಿ ಬರಲಿ ಅಂತ."

ವಿಡಿಯೊ. ಜುಲೈ ಐದು. ಅವರದೇ ಊಟದ ಮೇಜು. ಶಾನು ಎಡಗೈಯಲ್ಲಿ ಕಾಯಿ ಸರಿಸುತ್ತಾ ಬಲಗೈಯಲ್ಲಿ ಬಂಗುಡೆ ತಿನ್ನುತ್ತಿದ್ದಾನೆ. ಮೊಬೈಲಿನ ಹಿಂದಿನಿಂದ ಮೊಯ್ದೀನ್‌ನ ಧ್ವನಿ: "ನೋಡಿ ಧರ್ಮಪಾಲರೇ! ಊಟ ಮಾಡ್ತಾ ಮಾಡ್ತಾ ಒಂಟೆ ಬಲಿ ಕೊಡುವ ಹುಡುಗ ಪ್ರಪಂಚದಲ್ಲಿ ಬೇರೆ ಉಂಟಾ?" ಅದರ ಹಿಂದೆ, ಸ್ಪಷ್ಟವಾಗಿ, ಸಬೀನಳದೇ ಧ್ವನಿ: "ಅವನು ಒಂಟೆ ತೆಗೆದರೆ ಕುದುರೆ ಇಲ್ಲಿ. ರಾಜ ಓಡಿದರೆ ರಾಣಿ ಅಲ್ಲಿ. ಆರು ನಡೆ, ಮುಗಿಯಿತು." ಒಂದೂ ಬಿಡದೆ ಆರನ್ನೂ ಹೇಳಿದ್ದಳು. ಮೊಯ್ದೀನ್ ಒಂದೂ ಬಿಡದೆ ಹಿಡಿದಿದ್ದ.

ಸಬೀನಳಿಗೆ ಮೊದಲು ಬಂದದ್ದು ನಗು. ಬಾಪನ ಬಾಯಿ! ಆ ಬಾಯಿಗೆ ಬೀಗ ಹಾಕುವ ಕಂಪೆನಿ ಇನ್ನೂ ಹುಟ್ಟಿಲ್ಲ. ಪಾಪ, ಗೊತ್ತಾದರೆ ಹಣೆ ಹಣೆ ಬಡಿದುಕೊಳ್ಳುತ್ತಾನೆ. ತೃಷಾಳನ್ನು ಅಪ್ಪಿಕೊಂಡು, ವಿಡಿಯೊ ತನ್ನ ಮೊಬೈಲಿಗೆ ಹಾಕಿಸಿಕೊಂಡು, ಮೂರು ವಾರದಲ್ಲಿ ಮೊದಲ ಸಲ ನೇರ ಬೆನ್ನಿನಲ್ಲಿ ನಡೆದುಕೊಂಡು ಒಳಗೆ ಬಂದಳು.

ಮಾರನೇ ದಿನ ಜುಮಾ ನಮಾಝ್ ಮುಗಿಸಿ ಎಲ್ಲರೂ ಊಟಕ್ಕೆ ಕೂತಿದ್ದರು. ಸಕೀನ ಮಟನ್ ಬಿರಿಯಾನಿ ಮಾಡಿದ್ದಳು. ಸಬೀನ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿ ಒತ್ತಿದಳು.

ಮೊಯ್ದೀನ್‌ನ ಧ್ವನಿ ಮೊಬೈಲಿನಿಂದ ಹೊರಟಿತು. ಮೊಯ್ದೀನ್‌ನ ಬಾಯಿ ಮುಚ್ಚಿತು.

ಸಕೀನ ಬಗ್ಗಿ ನೋಡಿದಳು. ಉಮ್ಮರಬ್ಬರು ಕನ್ನಡಕ ಏರಿಸಿ ನೋಡಿದರು. ಮೊಯ್ದೀನ್ ಒಂದು ಸಲವೂ ನೋಡಲಿಲ್ಲ. ತಟ್ಟೆಯಲ್ಲಿದ್ದ ಏಲಕ್ಕಿಯನ್ನು ಹೆಕ್ಕಿ ಬದಿಗಿಟ್ಟ, ಲವಂಗವನ್ನು ಹೆಕ್ಕಿ ಬದಿಗಿಟ್ಟ. ಆಗ ಸಬೀನಳ ನಗು ಮುಖದ ಮೇಲೆಯೇ ನಿಂತುಹೋಯಿತು.

"ಬಾಪಾ, ನಿಮಗೆ ಗೊತ್ತಿತ್ತಾ?"

"ಮೊದಲು ಗೊತ್ತಿರಲಿಲ್ಲ, ಅಲ್ಲಾಹನಾಣೆ."

"ಯಾವಾಗ ಗೊತ್ತಾಯ್ತು?"

"ಆವತ್ತು. ಬರುವಾಗ, ಕಾರಿನಲ್ಲಿ."

"ಕಾರಿನಲ್ಲಿ ನಿಮಗೆ ಯಾರು ಹೇಳಿದ್ದು?"

ಮೊಯ್ದೀನ್‌ನ ಕಣ್ಣು ಮೇಜಿನ ಆಚೆಗೆ ಹೋಗಿ ವಾಪಸ್ ಬಂತು. ಆ ಕಾರಿನಲ್ಲಿದ್ದವರು ಇಬ್ಬರೇ.

"ರಿತೇಶ್ ಹೇಳಿದ" ಎಂದ ಶಾನು. "ಗೇಮ್ ಮುಗಿದ ಕೂಡಲೇ. ಥ್ಯಾಂಕ್ಸ್ ಟು ಯುವರ್ ಡ್ಯಾಡ್ ಅಂತ. ನಾನು ಬಾಪನಿಗೆ ಹೇಳಿದೆ."

"ಹಾಗಾದರೆ ಆ ರಾತ್ರಿ ಇಲ್ಲಿ ಕೂತಾಗ ನಿಮಗೆ ಇಬ್ಬರಿಗೂ..."

"ದೀದಿ, ನೀನು ನನ್ನ ಸೈಡಿನಿಂದ ನೋಡು. ರೌಂಡ್ ಶುರುವಾಗುವುದು ಮೂರಕ್ಕೆ. ಎದುರಾಳಿ ಯಾರಂತ ಗೊತ್ತಾಗುವುದು ಬೆಳಿಗ್ಗೆ. ನೀನೂ ಆಡಿದ್ರೆ ನನ್ನ ಪ್ರಿಪರೇಶನ್ ಯಾರು ಮಾಡುದು?"

"ಅದನ್ನು ನನ್ನ ಹತ್ರ ಕೇಳಬಹುದಿತ್ತಲ್ಲ, ಶಾನು. ಆಡಬೇಡ ದೀದಿ ಅಂತ."

"ಕೇಳಿದ್ರೆ ನೀನು ಆಡ್ತೇನೆ ಅಂತಿದ್ದಿ."

ಅವನು ಅದನ್ನು ಮಣೆಯ ಮೇಲಿನ ನಡೆ ಹೇಳುವ ಹಾಗೆಯೇ ಹೇಳಿದ. ಲೆಕ್ಕ ಸರಿಯಿತ್ತು. ಕೇಳಿದ್ದರೆ ಅವಳು ಹಾಗೆಯೇ ಹೇಳುತ್ತಿದ್ದಳು. ಅವನಿಗೆಂದು ಸುಲಿದಿಟ್ಟಿದ್ದ ಕಿತ್ತಳೆಯನ್ನು ಸಬೀನ ತನ್ನ ಕಡೆಗೆ ಎಳೆದುಕೊಂಡಳು.

ಮೊಯ್ದೀನ್‌ಗೆ ಬಾಯಿ ಬಂತು. "ನೋಡು ಮೋಳೇ, ನೀನು ಮನೆಯ ಹುಡುಗಿ. ನಾಲ್ಕು ದಿನ ಬೈಸಿಕೊಂಡರೆ ಮುಗಿಯಿತು, ಖಲಾಸ್. ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ. ಗ್ರ್ಯಾಂಡ್‌ಮಾಸ್ಟರನ ಬಾಪನೇ ಮಗನ ಗುಟ್ಟು ಹಂಚಿದ ಅಂತ ಆದರೆ ನಾನು ರಾಸ್ ಅಲ್ ಖೋರ್‌ನಲ್ಲಿ ಹೇಗೆ ಮುಖ ತೋರಿಸುವುದು?"

"ನನ್ನ ಮುಖ?"

"ನಿನ್ನ ಮುಖವನ್ನು ಅಲ್ಲಿ ಯಾರು ನೋಡ್ತಾರೆ?"

"ಮೊಯ್ದೀನೇ" ಎಂದರು ಉಮ್ಮರಬ್ಬರು. ಇಷ್ಟೂ ಕೇಳಿಸಿತ್ತು ಅವರಿಗೆ. "ಆವತ್ತು ಈ ಹುಡುಗಿಯ ತಲೆ ಮುಟ್ಟುವಾಗ ನನ್ನನ್ನು ಯಾಕೆ ಸಾಕ್ಷಿಗೆ ಕೂರಿಸಿದೆ? ನಾನು ಬೇಗ ಸಾಯ್ತೇನೆ ಅಂತ ಲೆಕ್ಕ ಹಾಕಿದ್ದೆಯಾ?"

ಸಕೀನ ಸೌಟನ್ನು ಬಿರಿಯಾನಿಯ ಪಾತ್ರೆಯಲ್ಲಿ ನೆಟ್ಟು ಎದ್ದಳು. "ಬೇಕಾದವರು ಬಡಿಸಿಕೊಳ್ಳಿ. ಪಾತ್ರೆಯನ್ನೂ ನೀವೇ ತೊಳೀರಿ" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಊಟದ ನಡುವೆ ಎದ್ದದ್ದು 'ಲೋಕವೇ ಅಡಿಮೇಲಾಯಿತು' ಎನ್ನುವಂಥ ಸಂಗತಿ. ಮೊಯ್ದೀನ್ ಸೌಟನ್ನು ನೋಡಿದ, ಮುಟ್ಟಲು ಧೈರ್ಯವಾಗಲಿಲ್ಲ.

ಸಬೀನ ಅಂಗಳಕ್ಕೆ ಹೋಗಿ ಲಿಯೊನೆಲ್‌ಗೆ ಫೋನು ಮಾಡಿದಳು.

"ಅಂಕಲ್, ಬೇಡ ಅಂದದ್ದು ನಾನಲ್ಲ. ನನ್ನ ಹೆಸರು ಮತ್ತೆ ಹಾಕಲಿಕ್ಕೆ ಆಗ್ತದಾ?"

ಆಚೆ ಲಿಯೊನೆಲ್ ಹಾಳೆ ಮಗುಚುವ ಸದ್ದು. "ಪಟ್ಟಿ ಮುಗಿಯಿತಲ್ಲ ಪುಟ್ಟಾ. ಒಂದೇ ದಾರಿ ಉಂಟು. ಯಾರಾದರೂ ಬರದೆ ಆಟಗಾರರ ಸಂಖ್ಯೆ ಬೆಸವಾದರೆ ಒಬ್ಬ ಜೋಡಿಯಿಲ್ಲದೆ ಸುಮ್ಮನೆ ಕೂರಬೇಕಾಗ್ತದೆ. ಅಂಥ ಹೊತ್ತಿಗೆ ಆಡಲಿಕ್ಕೆ ನಾವೊಬ್ಬರನ್ನು ಹೊರಗೆ ಕೂರಿಸಿಕೊಂಡಿರ್ತೇವೆ. ಎಲ್ಲರೂ ಬಂದರೆ ಮಾಫಿ, ನಿನಗೆ ಆಟ ಇಲ್ಲ. ಬಂದು ಕಾಯ್ತೀಯಾ?"

"ಕಾದು ಅಭ್ಯಾಸ ಉಂಟು ಅಂಕಲ್."

ಟೂರ್ನಮೆಂಟಿನ ಮೊದಲ ದಿನ ಬೆಳಿಗ್ಗೆ ಶಾನು ಎದುರಾಳಿಯ ಹೆಸರು ಹಿಡಿದುಕೊಂಡು ಬಂದ. ಸಬೀನ ಲ್ಯಾಪ್‌ಟಾಪನ್ನು ಅವನ ಕಡೆಗೆ ತಳ್ಳಿದಳು. "ಅಳಿಸಿಲ್ಲ, ಹೆದರಬೇಡ. ಇವತ್ತಿನವರೆಗಿನದ್ದೆಲ್ಲ ಅದರಲ್ಲೇ ಉಂಟು. ಹುಡುಕಿಕೋ." ಶಾನು ತೆರೆದು ನೋಡಿದ. ತನ್ನದೇ ಫೈಲಿನಲ್ಲಿ ಯಾವುದು ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಟ್ಯಾಕ್ಸಿ ಹಿಡಿದು ಹೊರಟಳು.

ಹಾಲ್ ಎಂಥದ್ದು ಅಂತೀರಿ? ಈ ಗೋಡೆಯ ಪಕ್ಕ ಸೀನಿದರೆ ಆ ಗೋಡೆಗೆ ಕೇಳಿಸುವಾಗ ನೆಗಡಿಯೇ ವಾಸಿಯಾಗಿರುತ್ತದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಸಬೀನ ಒಳಗೆ ಬರುವವರ ತಲೆ ಎಣಿಸಿದಳು. ಮೂರಕ್ಕೆ ಹದಿನೈದು ನಿಮಿಷವಿರುವಾಗ ಲಿಯೊನೆಲ್ ಕಾಗದ ಬೀಸುತ್ತಾ ಬಂದ.

"ಒಬ್ಬನಿಗೆ ವಿಮಾನ ತಪ್ಪಿತು. ಜೋಡಿ ಸ್ವಲ್ಪ ಬದಲಾಯಿಸಿದ್ದೇವೆ. ತೊಂಬತ್ತೆರಡನೇ ಮೇಜು, ಬಿಳಿ ಕಾಯಿ. ಇವತ್ತಿನದ್ದು ಮಾತ್ರ, ಆಯಿತಾ? ನಾಳೆಯದ್ದು ಗೊತ್ತಿಲ್ಲ."

ತೊಂಬತ್ತೆರಡನೇ ಮೇಜು ಕಟ್ಟಕಡೆಯದು. ಎದುರಿಗೆ ಬೋಳು ತಲೆಯ ಫಿಲಿಪಿನೋ ಒಬ್ಬರು ನಗುತ್ತಾ ಕೈಕುಲುಕಿ, "ಫಸ್ಟ್ ಟೈಮ್?" ಎಂದರು. ಸಬೀನ ಹೌದೆಂದೂ ಅಲ್ಲವೆಂದೂ ತಲೆಯಾಡಿಸಿದಳು. ನಡೆ ಬರೆಯುವ ಹಾಳೆಯ ಮೇಲೆ ತನ್ನ ಹೆಸರು ಬರೆಯಲು ಹೊರಟಾಗ ಕುರ್ಚಿಯ ಬೆನ್ನನ್ನು ಯಾರೋ ಹಿಡಿದರು. ಏದುಸಿರು ಬಿಡುತ್ತಿದ್ದವನು ಮೊಯ್ದೀನ್.

"ಮೋಳೇ, ಬೇಗ ಹೊರಗೆ ಬಾ. ಬರದೆ ಇದ್ದವನು ಶಾನುವಿನ ಎದುರಾಳಿಯೇ. ಈಗ ಬೇರೆ ಯಾರನ್ನೋ ಕೂರಿಸಿದ್ದಾರೆ. ಅವನ ಎದುರು ಎಂತ ಆಡಬೇಕಂತ ಗೊತ್ತಾಗುವುದಿಲ್ಲ ಅಂತಾನೆ ಶಾನು. ಎರಡೇ ನಿಮಿಷ."

ಸಬೀನ ತಲೆಯೆತ್ತಿ ನೋಡಿದಳು. ಬಹಳ ದೂರದಲ್ಲಿ, ಮೊದಲನೇ ಮೇಜಿನ ಪಕ್ಕದಲ್ಲಿ ಶಾನು ಎದ್ದು ನಿಂತಿದ್ದ. ಅಷ್ಟು ತಲೆಗಳ ಮೇಲಿನಿಂದ ಅವಳನ್ನೇ ನೋಡುತ್ತಿದ್ದ. ಆ ಮುಖದ ಮೇಲೆ ಏನು ಬರೆದಿದೆಯೆಂದು ಅವಳಿಗೆ ಹದಿನೆಂಟು ವರ್ಷದಿಂದ ಗೊತ್ತು. ಅವನಿಗೆ ಹೆದರಿಕೆಯಾಗಿತ್ತು. ಮೇಜಿನ ಆಚೆ ಕೂತಿದ್ದ ಹೊಸ ಎದುರಾಳಿಯ ಗುರುತೂ ಸಿಕ್ಕಿತು; ಅವನ ಎದುರು ಏನು ಆಡಬೇಕೆಂಬುದೂ ಅವಳಿಗೆ ಗೊತ್ತಿತ್ತು, ಒಂದೇ ವಾಕ್ಯದ ಮಾತು.

"ಆಟಗಾರರು ಬಿಟ್ಟು ಉಳಿದವರೆಲ್ಲ ಹೊರಗೆ, ಯಲ್ಲಾ ಯಲ್ಲಾ!" ಲಿಯೊನೆಲ್ ಸಾಲಿನ ನಡುವೆ ಬಂದ. "ಮೊಯ್ದೀನ್ ಭಾಯ್, ನಡೀರಿ."

"ಹೋಗ್ತಾ ಇದ್ದೇವೆ ಲಿಯೊನೆಲ್, ಹೋಗ್ತಾ ಇದ್ದೇವೆ. ಬಾ ಮೋಳೇ."

"ನೀವು ಮಾತ್ರ" ಎಂದ ಲಿಯೊನೆಲ್.

ಮೊಯ್ದೀನ್‌ಗೆ ಅದು ತಲೆಗೆ ಇಳಿಯಲಿಲ್ಲ. ಮಗಳ ಮುಂದಿದ್ದ ಮಣೆಯನ್ನು, ಗಡಿಯಾರವನ್ನು, ಅರ್ಧ ಬರೆದ ಹೆಸರನ್ನು ಆಗಲೇ ಅವನು ಕಂಡದ್ದು. "ಅವನು ನಿನ್ನ ತಮ್ಮ" ಎಂದ, ಧ್ವನಿ ತಗ್ಗಿಸಿ.

ಸಬೀನ ಹೆಸರಿನ ಉಳಿದರ್ಧ ಬರೆದು ಮುಗಿಸಿದಳು.

"ಸ್ವಲ್ಪ ಆಚೆ ಸರೀರಿ ಬಾಪಾ. ನಿಮ್ಮ ನೆರಳು ಮಣೆಯ ಮೇಲೆ ಬೀಳ್ತಾ ಉಂಟು."